ಗರ್ಭಗುಡಿ ಬೇಡವೆಂದ ಬೆಟ್ಟ

ಜಪಾನಿನ ನಾರಾ ಪ್ರಾಂತ್ಯದ ಸಕುರಾಯ್‌ನಲ್ಲಿ, 467 ಮೀಟರ್ ಎತ್ತರದ ಮಿವಾ ಬೆಟ್ಟದ ಬುಡದಲ್ಲಿರುವ ಓಮಿವಾ ಶಿಂಟೋ ದೇಗುಲಕ್ಕೆ ಗರ್ಭಗುಡಿಯೇ ಇಲ್ಲ. ಪ್ರಾರ್ಥನಾ ಮಂಟಪವಿದೆ, ಅದರ ಹಿಂದೆ ಮೂರು ತೋರಿ ಕಮಾನುಗಳನ್ನು ಒಂದಾಗಿ ಬೆಸೆದ ಅಪರೂಪದ ಬಾಗಿಲಿದೆ, ಅದರಾಚೆ ಕಾಡು. ಓಮೊನೊನುಶಿ ದೇವರ ನೆಲೆ ಆ ಬೆಟ್ಟವೇ. ಗುಡಿ ಕಟ್ಟಲು ಇನ್ನೂ ಕಲಿಯದ ಕಾಲದ ಪಳೆಯುಳಿಕೆ ಇದು ಎಂದು ಯಾರಾದರೂ ವಾದಿಸಬಹುದು. ಆದರೆ ಈಗಿನ ಮಂಟಪವನ್ನು 1664ರಲ್ಲಿ ಕಟ್ಟಿಸಿದವನು ಶೋಗನ್ ತೊಕುಗಾವಾ ಇಎತ್ಸುನಾ. ದೇಶವನ್ನೇ ಆಳುತ್ತಿದ್ದವನಿಗೆ ಹಣಕ್ಕಾಗಲಿ ಬಡಗಿಗಳಿಗಾಗಲಿ ಬರವಿರಲಿಲ್ಲ. ಆದರೂ ಅವನ ಕಟ್ಟಡ ಬೆಟ್ಟಕ್ಕೆ ಕೈಮುಗಿಯುವ ಜಾಗದಲ್ಲೇ ನಿಂತಿತು. ಹಾಗಾಗಿ ಇಲ್ಲಿ ಗರ್ಭಗುಡಿ ಇಲ್ಲದಿರುವುದನ್ನು ಕೊರತೆ ಎನ್ನಲಾಗದು. ಅದು ತಲೆಮಾರುಗಳು ತಿಳಿದೇ ಉಳಿಸಿಕೊಂಡ ನಿರ್ಧಾರ.

ಆ ನಿರ್ಧಾರದ ಬಿಗಿ ಬೆಟ್ಟ ಹತ್ತುವವರಿಗೆ ಗೊತ್ತಾಗುತ್ತದೆ. ಪಕ್ಕದ ಸಾಯ್ ದೇಗುಲದಲ್ಲಿ ಹೆಸರು ಬರೆಸಿ, ಕಾಣಿಕೆ ಕೊಟ್ಟು, ಪುಟ್ಟ ಗಂಟೆ ಕಟ್ಟಿದ ಬಿಳಿಯ ಪಟ್ಟಿಯನ್ನು ಕೊರಳಿಗೆ ಹಾಕಿಕೊಳ್ಳಬೇಕು. ಮೇಲೆ ಫೋಟೊ ತೆಗೆಯುವಂತಿಲ್ಲ, ಊಟ ಮಾಡುವಂತಿಲ್ಲ. ಕುಡಿಯಲು ನೀರಿಗಷ್ಟೇ ಅನುಮತಿ. ಒಂದು ಎಲೆಯನ್ನೂ ಕಿತ್ತು ತರುವಂತಿಲ್ಲ. ಶೋಗನ್‌ಗಳ ಆಳ್ವಿಕೆ ಮುಗಿದು ಮೇಜಿ ಕಾಲ ಬರುವವರೆಗೆ ಬೆಟ್ಟ ಜನಸಾಮಾನ್ಯರಿಗೆ ಮುಚ್ಚಿಯೇ ಇತ್ತು, ಆಮೇಲೆ ತೆರೆಯಿತು. ಅಂದಮೇಲೆ ಈಗಿನ ಕಟ್ಟುಪಾಡು ಸನಾತನವೇನಲ್ಲ ಎಂಬ ಆಕ್ಷೇಪ ನಿಜವೇ. ನನ್ನ ವಾದಕ್ಕೆ ಅದೇ ಬಲ. ಬಾಗಿಲು ತೆರೆದವರು ಅದರ ಜೊತೆಗೇ ಒಂದು ಮಿತಿಯನ್ನೂ ಹಾಕಿದರು. ಊರ ಅಂಚಿನಲ್ಲಿದ್ದೂ ಈ ಕಾಡು ಕಾಡಾಗಿ ಉಳಿದಿರುವುದು ಆ ಮಿತಿಯಿಂದ.

ಹಾಗೆಂದು ಇದು ಜನರಿಂದ ದೂರ ನಿಂತ ದೇವರಲ್ಲ. ದೇವರು ಹಾವಿನ ರೂಪದಲ್ಲಿ ಬರುತ್ತಾನೆಂಬ ನಂಬಿಕೆಯಿಂದ ಮಂಟಪದ ಎದುರಿನ ಹಳೆಯ ಸುಗಿ ಮರದ ಬುಡದಲ್ಲಿ ಭಕ್ತರು ಕೋಳಿಮೊಟ್ಟೆ, ಸಾಕೆ ಇಟ್ಟು ಹೋಗುತ್ತಾರೆ. ಅಕ್ಕಿಯಿಂದ ಮಾಡುವ ಆ ಮದ್ಯಕ್ಕೂ ಇವನೇ ದೇವರು. ಪ್ರತಿವರ್ಷ ನವೆಂಬರ್ 14ರಂದು ಸಾಕೆ ತಯಾರಕರು ಬಂದು ಆ ವರ್ಷದ ಮದ್ಯ ಕೆಡದಿರಲೆಂದು ಬೇಡಿಕೊಳ್ಳುತ್ತಾರೆ. ಅದಕ್ಕೆ ಮುನ್ನ ಸುಗಿಯ ಎಳೆ ಸೊಪ್ಪನ್ನು ಒತ್ತೊತ್ತಾಗಿ ಸಿಕ್ಕಿಸಿ, ಕತ್ತರಿಸಿ ದುಂಡಗೆ ಮಾಡಿದ ದೊಡ್ಡ ಉಂಡೆಯನ್ನು ಮಂಟಪದ ಸೂರಿಗೆ ಹೊಸದಾಗಿ ತೂಗುಹಾಕುತ್ತಾರೆ. ಇಂಥವೇ ಸಣ್ಣ ಉಂಡೆಗಳು ದೇಶದ ಸಾಕೆ ಭಟ್ಟಿಗಳ ಬಾಗಿಲಿಗೂ ಹೋಗುತ್ತವೆ. ಹಸಿರಾಗಿದ್ದರೆ ಹೊಸ ಸಾಕೆ ಬಂದಿದೆ ಎಂದರ್ಥ. ಸೊಪ್ಪು ಕಂದುಬಣ್ಣಕ್ಕೆ ತಿರುಗುತ್ತ ಹೋದಂತೆ ಒಳಗಿನ ಸಾಕೆಯೂ ಮಾಗುತ್ತದೆ. ಬೆಟ್ಟಕ್ಕೆ ಗೋಡೆ ಕಟ್ಟದಿದ್ದುದರಿಂದಲೇ ದೇವರು ಒಂದು ಹಿಡಿ ಸೊಪ್ಪಿನಲ್ಲಿ ಇಷ್ಟು ದೂರ ನಡೆದಾನು ಎಂದು ನನಗನ್ನಿಸುತ್ತದೆ. ಆದರೆ 1970ರ ದಶಕದಿಂದೀಚೆಗೆ ಜಪಾನಿನಲ್ಲಿ ಸಾಕೆ ಕುಡಿಯುವವರು ಕಡಿಮೆಯಾಗುತ್ತ ಬಂದಿದ್ದಾರೆ, ಭಟ್ಟಿಗಳು ಒಂದೊಂದಾಗಿ ಮುಚ್ಚಿವೆ. ಮಿವಾದ ಉಂಡೆಯನ್ನು ತೂಗುಹಾಕುವ ಸೂರುಗಳೂ ಅಷ್ಟರಮಟ್ಟಿಗೆ ಕಮ್ಮಿಯಾಗಿವೆ.