ಮೆಚ್ಚುಗೆ ಎಷ್ಟು ಸಲಕ್ಕೊಮ್ಮೆ?

ಒಳ್ಳೆಯ ನಡತೆಗೆ ಮೆಚ್ಚುಗೆ ದೊರೆತರೆ ಅದು ಬೆಳೆಯುವುದೆಂಬುದು ಅಧ್ಯಾಪಕರೆಲ್ಲರೂ ಬಲ್ಲ ಸಂಗತಿ. ಆದರೆ ಆ ಮೆಚ್ಚುಗೆಯನ್ನು ಪ್ರತಿಸಲವೂ ಕೊಡಬೇಕೆ, ಆಗೊಮ್ಮೆ ಈಗೊಮ್ಮೆ ಕೊಟ್ಟರೆ ಸಾಕೆ ಎಂಬುದು ಅಷ್ಟು ಸುಲಭವಾದ ಪ್ರಶ್ನೆಯಲ್ಲ. ನಡತೆಯೊಂದನ್ನು ಅದರ ಫಲದ ಮೂಲಕ ಬಲಪಡಿಸುವುದಕ್ಕೆ ಮನೋವಿಜ್ಞಾನದಲ್ಲಿ ‘ಪುನರ್ಬಲನ’ವೆಂದು ಹೆಸರು. ಆ ಫಲವನ್ನು ಯಾವಾಗ ಒದಗಿಸಬೇಕೆಂಬ ನಿಯಮವೇ ಪುನರ್ಬಲನ ಕ್ರಮ. ಅಮೆರಿಕದ ಚಾರ್ಲ್ಸ್ ಫರ್ಸ್ಟರ್ ಮತ್ತು ಬಿ. ಎಫ್. ಸ್ಕಿನ್ನರ್ ಅವರು 1957ರಲ್ಲಿ ಪ್ರಕಟಿಸಿದ ಬೃಹದ್‌ಗ್ರಂಥವು ಈ ಕ್ರಮಗಳ ಗುಣಭೇದಗಳನ್ನು ಪಾರಿವಾಳ ಮೊದಲಾದ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿಕೊಟ್ಟಿತು.

ಪ್ರತಿ ಸಲವೂ ಫಲ ದೊರೆಯುವುದು ನಿರಂತರ ಕ್ರಮ. ಕೆಲವೊಮ್ಮೆ ಮಾತ್ರ ದೊರೆಯುವುದು ಸವಿರಾಮ ಕ್ರಮ. ಸವಿರಾಮ ಕ್ರಮದಲ್ಲಿ ಫಲವು ಕೃತಿಗಳ ಎಣಿಕೆಯನ್ನಾಗಲಿ, ಕಳೆದ ಕಾಲವನ್ನಾಗಲಿ ಅವಲಂಬಿಸಬಹುದು. ಇವೆರಡೂ ನಿಶ್ಚಿತವಾಗಿರಬಹುದು ಅಥವಾ ಬದಲಾಗುತ್ತಿರಬಹುದು. ಹೀಗೆ ನಾಲ್ಕು ಮುಖ್ಯ ಬಗೆಗಳು ಏರ್ಪಡುತ್ತವೆ.

ಮಾತು ತಡವಾದ ಮಗುವೊಂದು ಹೊಸ ಶಬ್ದವನ್ನು ಕಲಿಯುವಾಗ ವರ್ತನ ಚಿಕಿತ್ಸಕರು ಮೊದಲು ನಿರಂತರ ಕ್ರಮವನ್ನೇ ಆರಿಸಿಕೊಳ್ಳುತ್ತಾರೆ. ಕೃತಿಗೂ ಫಲಕ್ಕೂ ಇರುವ ಸಂಬಂಧ ಇದರಿಂದ ಮಗುವಿಗೆ ಬೇಗ ತಿಳಿಯುತ್ತದೆ. ಶಬ್ದವು ನೆಲೆಗೊಂಡ ಮೇಲೆ ಎರಡು ಸಲಕ್ಕೊಮ್ಮೆ, ಬಳಿಕ ಸರಾಸರಿ ನಾಲ್ಕೈದು ಸಲಕ್ಕೊಮ್ಮೆ ಎಂದು ಫಲವನ್ನು ಕ್ರಮೇಣ ವಿರಳಗೊಳಿಸುತ್ತಾರೆ. ಒಮ್ಮೆಲೇ ವಿರಳಗೊಳಿಸಿದರೆ ಕಲಿತದ್ದು ಕುಸಿಯುತ್ತದೆ. ಆಗ ಒಂದು ಹೆಜ್ಜೆ ಹಿಂದಕ್ಕೆ ಬರಬೇಕಾಗುತ್ತದೆ. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಪ್ರತಿ ಮಾತಿಗೂ ಮೆಚ್ಚುಗೆ ದೊರೆಯುವುದಿಲ್ಲವಾದ್ದರಿಂದ, ಸವಿರಾಮ ಕ್ರಮದಲ್ಲಿ ಗಟ್ಟಿಯಾದ ನಡತೆಯೇ ಹೆಚ್ಚು ಕಾಲ ಬಾಳುತ್ತದೆ.

ಆದರೆ ಈ ಬಾಳಿಕೆ ಕೆಟ್ಟ ರೂಢಿಗೂ ಅಷ್ಟೇ ಸಲ್ಲುತ್ತದೆ. 1959ರಲ್ಲಿ ಸಿ. ಡಿ. ವಿಲಿಯಮ್ಸ್ ವರದಿ ಮಾಡಿದ ಪ್ರಸಂಗ ಇದಕ್ಕೆ ಪ್ರಸಿದ್ಧ ನಿದರ್ಶನ. ದೀರ್ಘಕಾಲದ ಅನಾರೋಗ್ಯದಿಂದ ಗುಣವಾಗಿದ್ದ 21 ತಿಂಗಳ ಮಗುವೊಂದು ಮಲಗಿಸುವಾಗ ರಂಪ ಮಾಡಿ, ದೊಡ್ಡವರು ಬಹುಹೊತ್ತು ಬಳಿಯಲ್ಲೇ ಕೂರುವಂತೆ ಮಾಡುತ್ತಿತ್ತು. ವೈದ್ಯಕೀಯ ತೊಂದರೆಯಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಮಲಗಿಸಿ ಹೊರಬಂದವರು ಮರಳಿ ಹೋಗಬಾರದೆಂದು ನಿಶ್ಚಯವಾಯಿತು. ಮೊದಲ ಸಲ ಮಗು 45 ನಿಮಿಷ ಅತ್ತಿತು. ಹತ್ತನೆಯ ಸಲದ ವೇಳೆಗೆ ಅಳು ನಿಂತು ನಗು ಬಂದಿತ್ತು. ಸುಮಾರು ಒಂದು ವಾರದ ಬಳಿಕ ಮಗುವಿನ ಚಿಕ್ಕಮ್ಮ ಮಲಗಿಸಿದಾಗ ಮಗು ಅತ್ತಿತು. ಅದು ನಿದ್ರಿಸುವವರೆಗೆ ಆಕೆ ಕೋಣೆಯಲ್ಲೇ ಉಳಿದರು. ಆ ಒಂದು ಮರುಕದಿಂದ ರಂಪ ಮರಳಿತು. ಎಲ್ಲವನ್ನೂ ಎರಡನೆಯ ಬಾರಿ ಮೊದಲಿನಿಂದ ಮಾಡಬೇಕಾಯಿತು.

ಆಕೆಯದು ಪ್ರೀತಿಯ ಕೊರತೆಯಲ್ಲ. ಪ್ರೀತಿ ಬಂದ ಹೊತ್ತು ತಪ್ಪಾಗಿತ್ತು. ಹತ್ತು ಸಲ ಬೇಡವೆಂದು ಹನ್ನೊಂದನೆಯ ಸಲ ಮಣಿಯುವುದೂ ಒಂದು ಪುನರ್ಬಲನ ಕ್ರಮವೇ. ಅದು ಹಟವನ್ನು ಕಲಿಸುವ ಕ್ರಮ. ಆದುದರಿಂದ ಚಿಕಿತ್ಸಕರು ಮೊದಲು ಮನೆಯ ಹಿರಿಯರನ್ನೂ ಅಧ್ಯಾಪಕರನ್ನೂ ಒಂದೇ ನಿಯಮಕ್ಕೆ ಒಪ್ಪಿಸುತ್ತಾರೆ. ಅಳುವಿಗೆ ಕೊಡದ ಗಮನವನ್ನು ಮಗು ಶಾಂತವಾಗಿರುವಾಗ ಧಾರಾಳವಾಗಿ ಕೊಡಲು ಹೇಳುತ್ತಾರೆ. ಮಗು ಬಯಸಿದ್ದು ಅದಕ್ಕೆ ದೊರೆಯಲೇಬೇಕು. ಯಾವ ನಡತೆಯ ಬೆನ್ನಿಗೆ ದೊರೆಯಬೇಕೆಂಬುದನ್ನು ಹಿರಿಯರು ನಿರ್ಧರಿಸಬೇಕು.