ಮೊದಲ ರಕ್ತಬಿಂದು

ಹುಣಸೂರಿನ ಕಡೆಯವರಾದ ನಾವು ಕುಸ್ತಿಯೆಂದರೆ ಗರಡಿಯ ಕೆಮ್ಮಣ್ಣನ್ನೂ ಎದುರಾಳಿಯನ್ನು ಚಿತ್ ಮಾಡುವುದನ್ನೂ ಮಾತ್ರ ಬಲ್ಲವರು. ವಿಜಯದಶಮಿಯಂದು ಮೈಸೂರರಮನೆಯಲ್ಲಿ ವಜ್ರಮುಷ್ಟಿ ಕಾಳಗವನ್ನು ಕಂಡಾಗ ನನಗೆ ದಿಗಿಲಾಯಿತು. ತಲೆ ಬೋಳಿಸಿ ಜುಟ್ಟನ್ನಷ್ಟೇ ಉಳಿಸಿಕೊಂಡ ಜೆಟ್ಟಿಗಳಿಬ್ಬರು. ಬಲಗೈಗೆ ತೊಟ್ಟ ಮೊನೆಯುಳ್ಳ ಆಯುಧ. ಬಾಕ್ಸಿಂಗಿನಲ್ಲಾದರೆ ಗವಸು ಪೆಟ್ಟನ್ನು ಮೆತ್ತಗಾಗಿಸುವುದು. ಇಲ್ಲಿ ಮುಷ್ಟಿಗೇ ಹಲ್ಲು! ೧೫೨೦ರ ಸುಮಾರಿನಲ್ಲಿ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪೇಸ್ ಹಲ್ಲುದುರಿಸುವ ಹೊಡೆತಗಳ ಮಲ್ಲಯುದ್ಧವನ್ನು ಬಣ್ಣಿಸಿದ್ದಾನೆ.

ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳ ಜೆಟ್ಟಿಗಳು ಇದಕ್ಕಾಗಿ ದಿನಗಟ್ಟಲೆ ಪಳಗುವರು. ಕಾದುವುದು ಕೆಲವೇ ಕ್ಷಣ. ಸುತ್ತುಗಳಿಲ್ಲ, ಅಂಕಗಳಿಲ್ಲ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಬೆನ್ನಿಗೇ ರಾಜವಂಶಸ್ಥರ ವಿಜಯಯಾತ್ರೆ ಬನ್ನಿಪೂಜೆಗೆ ಹೊರಟಿತು. ಗೆದ್ದವನಾರೆಂದು ಪಕ್ಕದವರನ್ನು ಕೇಳಿದೆ. ಅವರು ಮೆರವಣಿಗೆಯನ್ನು ನೋಡುತ್ತಿದ್ದರು.