ಮನೆವಾರ್ತೆಗೊಂದು ಹಳೆಯ ಕೈಪಿಡಿ

ಹಿತ್ತಿಲ ಬೆಳೆಯನ್ನು ನೆಚ್ಚಿ ಸಂಸಾರ ಸಾಗಿಸಬಯಸುವ ವಾಚಕರು ಮೊದಲು ಯಾವ ಗ್ರಂಥವನ್ನು ನೋಡಬೇಕು? ಕ್ರಿ. ಶ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ಹಳಗನ್ನಡದಲ್ಲಿ ರಚಿಸಿದ 'ಲೋಕೋಪಕಾರ'ವನ್ನು. ಅಂತರ್ಜಲದ ಕುರುಹು, ವೃಕ್ಷಾಯುರ್ವೇದ, ಪಾಕಶಾಸ್ತ್ರ, ವೈದ್ಯ ಇವೆಲ್ಲ ಅದರಲ್ಲಿ ಒಂದೆಡೆ ಸೇರಿವೆ. ನೀರು, ಗಿಡ, ಅಡಿಗೆ, ಆರೋಗ್ಯಗಳನ್ನು ಬೇರೆಬೇರೆಯಾಗಿ ಕಾಣಬಾರದೆಂಬ ವಿವೇಕವನ್ನು ಅದರಿಂದ ಕಲಿಯಬಹುದು. ಆದರೆ ಅಲ್ಲಿಯ ಶಕುನಗಳನ್ನು ನಂಬಿ ಬಾವಿ ತೋಡಿಸಿದರೆ ಹಣ ಹೋದೀತು. ಮದ್ದುಗಳನ್ನು ತಾವೇ ಪ್ರಯೋಗಿಸಿದರೆ ಪ್ರಾಣವೇ ಹೋದೀತು. ವಿಷಕ್ಕೂ ರೋಗಕ್ಕೂ ವೈದ್ಯರಲ್ಲಿಗೇ ಹೋಗಬೇಕು.

ಉಪಕರಣಗಳೋ, ಆರಂಭಕ್ಕೆ ಗುದ್ದಲಿ, ಕುಡುಗೋಲು, ನೀರಿನ ಕೊಡ ಸಾಕು. ಜೊತೆಗೊಂದು ದಿನಚರಿ ಇರಲಿ. ಬಿತ್ತಿದ ದಿನ, ಮಳೆ ಬಂದ ದಿನ, ಹುಳು ಬಿದ್ದ ಗಿಡ, ಕೊಯ್ದ ಸೊಪ್ಪಿನ ತೂಕ, ಇಷ್ಟನ್ನು ತಪ್ಪದೆ ಬರೆದಿಡಿ. ನಿಮ್ಮ ಮಣ್ಣಿನ ಗುಣವನ್ನು ಬೇರಾವ ಗ್ರಂಥವೂ ಅಷ್ಟು ನಿಖರವಾಗಿ ತಿಳಿಸಲಾರದು.